ಸಮ್ ಹಿಂದೆ ಬಿದ್ದದ್ದು ಏಕೆ: ಮನೆಯ ಕಂಪ್ಯೂಟರಿನಲ್ಲಿ ತಬಲಾ ರೆಕಾರ್ಡ್ ಮಾಡಿದ ನನ್ನ ಅನುಭವ

ನಾನು ತಬಲಾ ನುಡಿಸುವವನು. ಧಾರವಾಡದ ನಮ್ಮ ಮನೆಯ ಹಿಂಬದಿಯ ಚಿಕ್ಕ ಕೋಣೆಯಲ್ಲಿ, ವಿದ್ಯಾರ್ಥಿಗಳ ಅಭ್ಯಾಸಕ್ಕಾಗಿ ತೀನ್‌ತಾಲದ ಕಾಯ್ದಾಗಳನ್ನು (ವಿಸ್ತರಿಸುತ್ತ ನುಡಿಸುವ ತಬಲಾ ರಚನೆಗಳನ್ನು) ಲೆಹರಾದ, ಎಂದರೆ ತಾಳದ ಸುತ್ತನ್ನು ತೋರಿಸುತ್ತ ಮರಳಿ ಮರಳಿ ಬರುವ ಸ್ವರಸಾಲಿನ, ಜೊತೆಗೆ ರೆಕಾರ್ಡ್ ಮಾಡಿಕೊಡಬೇಕೆಂದು ಹೊರಟಾಗ ನನ್ನ ಬಳಿ ಇದ್ದದ್ದು ಒಂದು ಲ್ಯಾಪ್‌ಟಾಪ್, ಒಂದು ಮೈಕ್ ಮತ್ತು ಒಂದು ಹೆಡ್‌ಫೋನ್. ಅಕ್ಕನ ಮಗ ಹಾರ್ಮೋನಿಯಂ ಮೇಲೆ ಹದಿನಾರು ಮಾತ್ರೆಯ ಲೆಹರಾ ನುಡಿಸಿ ಒಂದು ಟ್ರ್ಯಾಕ್ ಸಿದ್ಧಮಾಡಿದ; ಅದನ್ನು ಕೇಳುತ್ತ ನಾನು ಎರಡನೆಯ ಟ್ರ್ಯಾಕಿನಲ್ಲಿ ತಬಲಾ ನುಡಿಸಿದೆ. ಕೈ ಸರಿಯಾಗಿ ಓಡಿದೆ ಎಂಬ ನಂಬಿಕೆ ನನಗಿತ್ತು. ಎರಡನ್ನೂ ಸೇರಿಸಿ ಕೇಳಿದಾಗ ಹುಡುಗ ಮೆಲ್ಲಗೆ, ‘ಮಾಮಾ, ನಿಮ್ಮ ಸಮ್ ಹಿಂದ ಬೀಳಾಕತ್ತೈತಿ’ ಎಂದ. ಸಮ್ ಎಂದರೆ ತಾಳದ ಪ್ರತಿ ಸುತ್ತಿನ ಮೊದಲ ಮಾತ್ರೆ.

ಅವನು ಹೇಳಿದ್ದು ನಿಜವಾಗಿತ್ತು. ಪರದೆಯ ಮೇಲೆ ಎರಡೂ ಟ್ರ್ಯಾಕುಗಳ ಅಲೆಗಳನ್ನು ದೊಡ್ಡದು ಮಾಡಿ ನೋಡಿದರೆ ಪ್ರತಿ ಆವರ್ತನದ ಮೊದಲ ‘ಧಾ’ ಹಾರ್ಮೋನಿಯಂನ ಸಮ್‌ಗಿಂತ ಸುಮಾರು 70 ಮಿಲಿಸೆಕೆಂಡು ತಡವಾಗಿ ಬಿದ್ದಿತ್ತು. ಸಂಖ್ಯೆ ಸಣ್ಣದೆನಿಸಬಹುದು, ಆದರೆ ನಿಮಿಷಕ್ಕೆ 240 ಮಾತ್ರೆಗಳ ದ್ರುತ್ ಲಯದಲ್ಲಿ ಒಂದು ಮಾತ್ರೆಗೆ ಸಿಗುವುದೇ 250 ಮಿಲಿಸೆಕೆಂಡು, ಅದರೊಳಗೆ ‘ತಿರಕಿಟ’ದ ನಾಲ್ಕು ಅಕ್ಷರಗಳು ಕೂತರೆ ಒಂದೊಂದಕ್ಕೆ 62.5 ಮಿಲಿಸೆಕೆಂಡು. ಎಂದರೆ ನನ್ನ ತಬಲಾ ಒಂದು ಪೂರ್ತಿ ಅಕ್ಷರದಷ್ಟು ಹಿಂದೆ ಉಳಿದಿತ್ತು. ಕೆಲವು ದಿನ ನಾನು ನನ್ನ ಕೈಯನ್ನೇ ಅನುಮಾನಿಸಿ, ಸಮ ಅಂತರದಲ್ಲಿ ಟಿಕ್ ಎನ್ನುವ ಮೆಟ್ರೊನೋಮ್ ಹಚ್ಚಿಕೊಂಡು ಠೇಕಾ (ತಾಳದ ಮೂಲ ನುಡಿತ) ತಿದ್ದಲು ಕೂತೆ. ಆಮೇಲೆ ಮೈಕಿನ ಎದುರು ಮೆಟ್ರೊನೋಮಿಗೆ ಸರಿಯಾಗಿ ಬರಿಯ ಚಪ್ಪಾಳೆ ತಟ್ಟಿ ರೆಕಾರ್ಡ್ ಮಾಡಿದಾಗ ಅದೂ ಅಷ್ಟೇ ತಡವಾಗಿ, ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಅಂತರದಲ್ಲಿ ಬಿದ್ದಿತು. ಮನುಷ್ಯನ ಕೈ ತಪ್ಪಿದರೆ ಒಮ್ಮೆ ಮುಂದೆ, ಒಮ್ಮೆ ಹಿಂದೆ ತಪ್ಪುತ್ತದೆ. ಒಂದೇ ಅಳತೆಯಲ್ಲಿ ತಪ್ಪುವುದು ಯಂತ್ರ.

ಈ ತಡ ಹುಟ್ಟುವ ಬಗೆಯನ್ನು ತಿಳಿಯಲು ಬಾವಿಯಿಂದ ನೀರು ತರುವುದನ್ನು ನೆನೆದರೆ ಸಾಕು. ಕಂಪ್ಯೂಟರು ಧ್ವನಿಯನ್ನು ಹನಿಹನಿಯಾಗಿ ಒಯ್ಯುವುದಿಲ್ಲ. ಸೆಕೆಂಡಿಗೆ 44,100 ಸ್ಯಾಂಪಲ್‌ಗಳಂತೆ (ಧ್ವನಿಯ ಬಿಡಿ ಅಳತೆಗಳಂತೆ) ಬರುವುದನ್ನು ಬಫರ್ ಎಂಬ ಕೊಡದಲ್ಲಿ ತುಂಬಿಸಿಕೊಂಡು, ಕೊಡ ತುಂಬಿದ ಮೇಲೆಯೇ ಎತ್ತುತ್ತದೆ. 1024 ಸ್ಯಾಂಪಲ್‌ನ ಕೊಡ ತುಂಬಲು 23 ಮಿಲಿಸೆಕೆಂಡು ಬೇಕು, 128ರದಕ್ಕೆ 3 ಮಿಲಿಸೆಕೆಂಡಿಗೂ ಕಡಿಮೆ. ಒಳಗೆ ಬರುವಾಗ ಒಂದು ಕೊಡ, ಹೊರಗೆ ಹೋಗುವಾಗ ಮತ್ತೊಂದು. ಅದರ ಮೇಲೆ ಧ್ವನಿಯನ್ನು ಅಂಕಿಗಳಾಗಿಸುವ ಮತ್ತು ಅಂಕಿಗಳನ್ನು ಮರಳಿ ಧ್ವನಿಯಾಗಿಸುವ ಬಿಡಿಭಾಗಗಳ ತಡ, ಯುಎಸ್‌ಬಿಯ ತಡ. ಕೊಡದ ಬದಲು ಚೊಂಬು ಹಿಡಿದರೆ ನೀರು ಬೇಗ ಬರುತ್ತದೆ, ಆದರೆ ಓಡಾಟ ಹೆಚ್ಚುತ್ತದೆ. ಪ್ರೊಸೆಸರ್ ಒಂದು ಸುತ್ತು ತಪ್ಪಿಸಿಕೊಂಡರೂ ಧ್ವನಿ ಕಡಿದು ‘ಪಟ್’ ಎಂಬ ಸದ್ದು ಬರುತ್ತದೆ.

ಇಷ್ಟು ತಿಳಿದ ಮೇಲೂ ನಾನು ಎರಡು ತಿಂಗಳು ದಾರಿ ತಪ್ಪಿ ನಡೆದೆ. ಲ್ಯಾಪ್‌ಟಾಪಿನೊಳಗಿನ ಸೌಂಡ್ ಕಾರ್ಡನ್ನು ವಿಂಡೋಸ್‌ನ ಹಳೆಯ ಎಂಎಂಇ ಡ್ರೈವರ್ (ಧ್ವನಿಯ ಯಂತ್ರಾಂಶವನ್ನು ನಡೆಸುವ ತಂತ್ರಾಂಶ) ಮೂಲಕ ನಡೆಸುತ್ತಿದ್ದವನು, ಸ್ಟೈನ್‌ಬರ್ಗ್ ಸಂಸ್ಥೆ 1997ರಲ್ಲಿ ತಂದ ಎಎಸ್‌ಐಒ ಎಂಬ ವ್ಯವಸ್ಥೆ ವಿಂಡೋಸ್‌ನ ನಡುವಿನ ಪದರಗಳನ್ನು ದಾಟಿ ನೇರವಾಗಿ ಧ್ವನಿ ಸಾಗಿಸುತ್ತದೆ ಎಂದು ಓದಿ, ಮೊದಲು ಎಎಸ್‌ಐಒ4ಆಲ್ ಎಂಬ ಅದೇ ಬಗೆಯ ಡ್ರೈವರ್ ಹಾಕಿಕೊಂಡೆ, ಬಳಿಕ ಎರಡು ಇನ್‌ಪುಟ್‌ಗಳ ಒಂದು ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ (ಮೈಕು, ಹೆಡ್‌ಫೋನುಗಳನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಕೊಂಡು ಅದರದೇ ಡ್ರೈವರ್‌ಗೆ ಬಂದೆ. ಬಫರನ್ನು 512ರಿಂದ 256ಕ್ಕೆ, 128ಕ್ಕೆ, ಕೊನೆಗೆ 64ಕ್ಕೆ ಇಳಿಸಿದೆ. 64ರಲ್ಲಿ ರೆಕಾರ್ಡಿಂಗ್ ತುಂಬ ಪಟಪಟ ಸದ್ದು. ಇಷ್ಟಾದರೂ ಟ್ರ್ಯಾಕಿನಲ್ಲಿ ತಬಲಾ ತುಸು ಹಿಂದೆಯೇ ಬೀಳುತ್ತಿತ್ತು. ನಾನು ಬೇರೆ ಬೇರೆಯಾದ ಎರಡು ತೊಂದರೆಗಳಿಗೆ ಒಂದೇ ಮದ್ದು ಹಚ್ಚುತ್ತಿದ್ದೇನೆ ಎಂಬುದು ಆಗ ಹೊಳೆಯಿತು.

ಮೊದಲನೆಯದು, ನುಡಿಸುವಾಗ ನನ್ನ ನಾದವೇ ಹೆಡ್‌ಫೋನಿನಲ್ಲಿ ತಡವಾಗಿ ಕೇಳುವುದು. ಎರಡನೆಯದು, ನುಡಿಸಿದ್ದು ಟ್ರ್ಯಾಕಿನಲ್ಲಿ ತನ್ನ ಜಾಗದಿಂದ ಹಿಂದೆ ಸರಿದು ಕೂರುವುದು. ಮೊದಲನೆಯದು ನುಡಿಸುವವನ ಮನಸ್ಸನ್ನು ಕೆಡಿಸುತ್ತದೆ, ಎರಡನೆಯದು ರೆಕಾರ್ಡಿಂಗನ್ನು ಕೆಡಿಸುತ್ತದೆ. ಬಫರ್ ಇಳಿಸಿದರೆ ಮೊದಲನೆಯದು ಕಡಿಮೆಯಾಗುತ್ತದೆಯೇ ಹೊರತು ಎರಡನೆಯದು ತಾನಾಗಿ ತೀರುವುದಿಲ್ಲ.

ಕೇಳಿಸುವ ತಡಕ್ಕೆ ನಾನು ಕಂಡುಕೊಂಡ ಪರಿಹಾರ ಬಹಳ ಸರಳವಾದದ್ದು. ತಬಲಾದ ನಾದ ಹೆಡ್‌ಫೋನ್ ಹಾಕಿಕೊಂಡರೂ ಹೊರಗಿನಿಂದ ಕಿವಿಗೆ ಬಂದೇ ಬರುತ್ತದೆ. ಅದರ ಜೊತೆಗೆ ಕಂಪ್ಯೂಟರ್ ಸುತ್ತಿಸಿ ತಂದ ನಾದ ಹತ್ತು ಮಿಲಿಸೆಕೆಂಡು ತಡವಾಗಿ ಸೇರಿದರೆ, ತಡವೆಂದು ಗೊತ್ತಾಗುವ ಬದಲು ಡಗ್ಗಾದ (ಎಡಗೈಯ ತಬಲಾದ) ಗುಮುಕು ಟೊಳ್ಳಾದಂತೆ, ಶಾಯಿ (ತೊಗಲ ಮೇಲಿನ ಕಪ್ಪು ಲೇಪ) ಸಡಿಲಾದಂತೆ ಕೇಳುತ್ತದೆ. ಎರಡು ಅಲೆಗಳು ಕೆಲವು ಸ್ವರಾಂಶಗಳಲ್ಲಿ ಒಂದನ್ನೊಂದು ಅಳಿಸಿಹಾಕುವುದೇ ಇದಕ್ಕೆ ಕಾರಣ. ನಾನು ಸುತ್ತಿಗೆ ಹಿಡಿದು ಸರಿಯಿದ್ದ ತಬಲಾವನ್ನೇ ಮತ್ತೆ ಮತ್ತೆ ಶ್ರುತಿ ಮಾಡಿದ್ದೂ ಉಂಟು. ಈಗ ಸಾಫ್ಟ್‌ವೇರಿನ ಮಾನಿಟರಿಂಗನ್ನು, ಎಂದರೆ ನುಡಿಸಿದ್ದನ್ನು ಕಂಪ್ಯೂಟರ್ ಮೂಲಕ ಕೇಳಿಸುವುದನ್ನು, ಪೂರ್ತಿ ಮುಚ್ಚಿ, ಕಿವಿಯನ್ನು ಬಿಗಿಯಾಗಿ ಮುಚ್ಚುವ ಹೆಡ್‌ಫೋನಿನಲ್ಲಿ ಲೆಹರಾ ಒಂದನ್ನೇ ಕೇಳುತ್ತೇನೆ. ತಬಲಾ ಬೇಕೆನಿಸಿದರೆ ಇಂಟರ್‌ಫೇಸಿನ ನೇರ ಮಾನಿಟರಿಂಗ್ ಗುಂಡಿಯನ್ನು ಸ್ವಲ್ಪ ತಿರುಗಿಸುತ್ತೇನೆ. ಅಲ್ಲಿ ನಾದ ಕಂಪ್ಯೂಟರಿಗೆ ಹೋಗದೆ ಪೆಟ್ಟಿಗೆಯೊಳಗಿನಿಂದಲೇ ಹೆಡ್‌ಫೋನಿಗೆ ತಿರುಗುವುದರಿಂದ ತಡವೆಂಬುದು ಇಲ್ಲವೆನ್ನುವಷ್ಟು ಕಡಿಮೆ. ಬೈಠಕ್ಕಿನಲ್ಲಿ ಒಂದೂವರೆ ಮೀಟರ್ ದೂರ ಕೂತ ಹಾರ್ಮೋನಿಯಂನ ನಾದ ನನ್ನನ್ನು ತಲುಪಲೂ ನಾಲ್ಕು ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತದೆ, ಆದ್ದರಿಂದ ತಡವನ್ನು ಸೊನ್ನೆಗೆ ತರಬೇಕೆಂಬ ಹಟ ಬೇಕಿಲ್ಲ. ಬ್ಲೂಟೂತ್ ಹೆಡ್‌ಫೋನನ್ನು ಮಾತ್ರ ಈ ಕೆಲಸಕ್ಕೆ ತರಲೇಬಾರದು; ಅದರ ತಡ ಸಾಮಾನ್ಯವಾಗಿ ನೂರು ಮಿಲಿಸೆಕೆಂಡನ್ನು ಮೀರುತ್ತದೆ.

ಹಾಡುವವರ ವಿಷಯ ಬೇರೆ. ಅಕ್ಕ ವಚನಗಳನ್ನು ಹಾಡಲು ಬಂದಾಗ, ರಿವರ್ಬ್ (ಕೋಣೆಯ ಅನುರಣನದಂಥ ಗುಂಗು) ಇಲ್ಲದ ಒಣ ದನಿಯನ್ನು ಕೇಳುತ್ತ ಹಾಡಲಾಗುವುದಿಲ್ಲ ಎಂದಳು. ನನ್ನ ಇಂಟರ್‌ಫೇಸಿನ ನೇರ ಮಾನಿಟರಿಂಗ್‌ನಲ್ಲಿ ರಿವರ್ಬ್ ಸಿಗುವುದಿಲ್ಲ. ಆಗ ನಾನು ಮೂಲ ದನಿಯನ್ನು ನೇರವಾಗಿ ಕೇಳಿಸಿ, ಸಾಫ್ಟ್‌ವೇರಿನಿಂದ ರಿವರ್ಬಿನ ಗುಂಗನ್ನು ಮಾತ್ರ, ಮೂಲ ದನಿ ಬೆರೆಯದಂತೆ, ಹೆಡ್‌ಫೋನಿಗೆ ಕಳಿಸಿದೆ. ಗುಂಗು ಹತ್ತು ಮಿಲಿಸೆಕೆಂಡು ತಡವಾಗಿ ಬಂದರೆ ಕೋಣೆ ಸ್ವಲ್ಪ ದೊಡ್ಡದಾಯಿತೆಂದು ಕಿವಿ ತಿಳಿಯುತ್ತದೆಯೇ ಹೊರತು ತಾಳ ತಪ್ಪಿತೆಂದಲ್ಲ. ಅಕ್ಕ ಅಂದು ಕೂತಲ್ಲಿಂದ ಏಳದೆ ನಾಲ್ಕು ವಚನ ಹಾಡಿದಳು.

ಟ್ರ್ಯಾಕು ಹಿಂದೆ ಸರಿಯುವುದಕ್ಕೆ ಮದ್ದು ಅಳತೆಯೊಂದೇ. ನಾನು ಬಳಸುವ ರೀಪರ್ ತಂತ್ರಾಂಶ, ಡ್ರೈವರ್ ತಿಳಿಸಿದಷ್ಟು ತಡವನ್ನು ಲೆಕ್ಕಹಾಕಿ ರೆಕಾರ್ಡಿಂಗನ್ನು ಅಷ್ಟು ಮುಂಚಿನ ಜಾಗಕ್ಕೆ ಎಳೆದು ಕೂರಿಸುತ್ತದೆ. ಡ್ರೈವರ್ ಹೇಳುವ ಲೆಕ್ಕ ತಪ್ಪಿದ್ದರೆ ಕೂರಿಸುವ ಜಾಗವೂ ತಪ್ಪುತ್ತದೆ. ಅದನ್ನು ಕಂಡುಹಿಡಿಯಲು ಒಂದು ಚಿಕ್ಕ ಕೇಬಲ್ಲನ್ನು ಇಂಟರ್‌ಫೇಸಿನ ಔಟ್‌ಪುಟ್ಟಿನಿಂದ ಅದರದೇ ಲೈನ್ ಇನ್‌ಪುಟ್ಟಿಗೆ ಜೋಡಿಸಿದೆ. ನಾದ ಸುತ್ತುಹಾಕಿ ಕಿರುಚದಂತೆ ಎರಡೂ ಬಗೆಯ ಮಾನಿಟರಿಂಗನ್ನು ಮುಚ್ಚಿ, ಮಟ್ಟವನ್ನು ತಗ್ಗಿಸಿ, ಒಂದು ಟ್ರ್ಯಾಕಿನಲ್ಲಿ ಮೆಟ್ರೊನೋಮಿನ ಟಿಕ್ ಸದ್ದನ್ನಿಟ್ಟು ಇನ್ನೊಂದರಲ್ಲಿ ಅದನ್ನೇ ರೆಕಾರ್ಡ್ ಮಾಡಿದೆ. ಇಲ್ಲಿ ಮನುಷ್ಯನ ಕೈಯಿಲ್ಲ, ಕಿವಿಯಿಲ್ಲ. ಎರಡೂ ಟಿಕ್‌ಗಳು ಒಂದರ ಕೆಳಗೊಂದು ನೇರವಾಗಿ ನಿಲ್ಲಬೇಕು. ಸ್ಯಾಂಪಲ್‌ಗಳು ಬಿಡಿಬಿಡಿಯಾಗಿ ಕಾಣುವವರೆಗೆ ದೊಡ್ಡದು ಮಾಡಿ ಎಣಿಸಿದಾಗ ರೆಕಾರ್ಡ್ ಆದದ್ದು 84 ಸ್ಯಾಂಪಲ್ ಹಿಂದಿತ್ತು, ಅಂದರೆ 1.9 ಮಿಲಿಸೆಕೆಂಡು. ಬಫರ್ 128 ಇದ್ದಾಗಲೂ 256 ಇದ್ದಾಗಲೂ ಅದೇ 84. ರೀಪರ್‌ನ ರೆಕಾರ್ಡಿಂಗ್ ಸೆಟ್ಟಿಂಗಿನಲ್ಲಿ ಕೈಯಾರೆ ತುಂಬುವ ಜಾಗದಲ್ಲಿ ಆ ಸಂಖ್ಯೆಯನ್ನು ಬರೆದು ಮತ್ತೆ ಪರೀಕ್ಷಿಸಿದೆ. ಎರಡು ಗೆರೆಗಳು ಒಂದಾಗಿ ನಿಂತವು. ಹಳೆಯ ಸೌಂಡ್ ಕಾರ್ಡಿಗೂ ಇದೇ ಪರೀಕ್ಷೆ ಮಾಡಿ ನೋಡಿದಾಗ ನನ್ನ ಆ 70 ಮಿಲಿಸೆಕೆಂಡಿನ ಬಹುಪಾಲು ಅಲ್ಲೇ ಸಿಕ್ಕಿತು. ಕಣ್ಣಳತೆಯಿಂದ ಟ್ರ್ಯಾಕುಗಳನ್ನು ಎಳೆದು ಕೂರಿಸುತ್ತಿದ್ದ ದಿನಗಳಲ್ಲಿ ಈ ಕೇಬಲ್ ನನ್ನ ಮೇಜಿನ ಖಾನೆಯಲ್ಲೇ ಇತ್ತು ಎಂಬುದು ಇಂದಿಗೂ ನನ್ನನ್ನು ಕಾಡುತ್ತದೆ.

ಪಟಪಟ ಸದ್ದಿನ ಮೂಲ ಬೇರೆಡೆ ಇತ್ತು. ಲೇಟೆನ್ಸಿಮಾನ್ ಎಂಬ ಉಚಿತ ಸಾಧನವನ್ನು ಹತ್ತು ನಿಮಿಷ ಓಡಿಸಿದಾಗ ವೈಫೈ ಡ್ರೈವರ್ ಆಗಾಗ ಪ್ರೊಸೆಸರನ್ನು ಹಿಡಿದಿಟ್ಟುಕೊಳ್ಳುವುದು ಕಂಡಿತು. ಈಗ ರೆಕಾರ್ಡಿಂಗಿಗೆ ಮುನ್ನ ಡಿವೈಸ್ ಮ್ಯಾನೇಜರಿನಲ್ಲಿ ಅದನ್ನು ನಿಲ್ಲಿಸುತ್ತೇನೆ. ಕರೆಂಟು ಹೋದಾಗ ಲ್ಯಾಪ್‌ಟಾಪು ಬ್ಯಾಟರಿಗೆ ಬಂದು ಪ್ರೊಸೆಸರಿನ ವೇಗ ತಗ್ಗಿಸಿಕೊಳ್ಳುತ್ತಿತ್ತು, ಆ ಗಳಿಗೆಯಲ್ಲೇ ಧ್ವನಿ ಕಡಿಯುತ್ತಿತ್ತು. ಪವರ್ ಪ್ಲಾನನ್ನು ಬ್ಯಾಟರಿಯಲ್ಲೂ ಪೂರ್ಣ ವೇಗಕ್ಕೆ ಇಟ್ಟ ಮೇಲೆ ಅದು ನಿಂತಿತು. ಒಮ್ಮೆ ಮಾಸ್ಟರ್ ಟ್ರ್ಯಾಕಿನಲ್ಲಿ ಲೀನಿಯರ್ ಫೇಸ್ ಈಕ್ವಲೈಸರ್ ಎಂಬ, ನಾದದ ಬಣ್ಣ ತಿದ್ದುವ ಪ್ಲಗಿನ್ (ಸೇರಿಸಿಕೊಳ್ಳುವ ಕಿರುತಂತ್ರಾಂಶ) ಒಂದನ್ನು ಮರೆತು ಬಿಟ್ಟಿದ್ದೆ. ಅದೊಂದೇ 4096 ಸ್ಯಾಂಪಲ್, ಅಂದರೆ ಸುಮಾರು 93 ಮಿಲಿಸೆಕೆಂಡು ತಡ ಸೇರಿಸಿತ್ತು. ಆದ್ದರಿಂದ ಮಿಕ್ಸಿಂಗಿಗೆ ಬೇಕಾದ ಪ್ಲಗಿನ್‌ಗಳನ್ನು ರೆಕಾರ್ಡಿಂಗ್ ಮುಗಿಯುವವರೆಗೆ ತೆರೆಯುವುದಿಲ್ಲ. ಮಿಕ್ಸಿಂಗಿಗೆ ಕೂತಾಗ ಬಫರನ್ನು ಧಾರಾಳವಾಗಿ 1024ಕ್ಕೆ ಏರಿಸುತ್ತೇನೆ, ಆಗ ತಡದಿಂದ ಯಾರಿಗೂ ತೊಂದರೆಯಿಲ್ಲ.

ಕಳೆದ ವರ್ಷ ಇಂಟರ್‌ಫೇಸಿನ ಡ್ರೈವರನ್ನು ಹೊಸದಕ್ಕೆ ಬದಲಿಸಿದ ಮೇಲೆ ಮತ್ತೆ ಕೇಬಲ್ ಜೋಡಿಸಿ ಅಳೆದೆ. 84 ಇದ್ದದ್ದು 52 ಆಗಿತ್ತು. ಹಳೆಯ ಸಂಖ್ಯೆಯನ್ನೇ ಬಿಟ್ಟಿದ್ದರೆ ತಬಲಾ ಲೆಹರಾಕ್ಕಿಂತ ಮುಂದೆ ಬೀಳುತ್ತಿತ್ತು. ಮೇಜಿನ ಅಂಚಿಗೆ ಅಂಟಿಸಿರುವ ಚೀಟಿಯಲ್ಲಿ ಈಗ 84ನ್ನು ಹೊಡೆದುಹಾಕಿ, ಅದರ ಕೆಳಗೆ 52 ಎಂದೂ ಅಳೆದ ದಿನಾಂಕವನ್ನೂ ಬರೆದಿದ್ದೇನೆ.