ಕಾಸರಗೋಡಿನಿಂದ ವಿದೇಶಕ್ಕೆ: ಕೆಲಸದ ವೀಸಾ, ಶಾಶ್ವತ ವಾಸ ಮತ್ತು ಕಾಗದಪತ್ರಗಳ ಸಿದ್ಧತೆ

ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಗಲ್ಫಿಗೆ ಹೋಗಿ ದುಡಿಯುವ ರೂಢಿ ಕೆಲವು ತಲೆಮಾರುಗಳಿಂದ ಬಂದಿರುವುದರಿಂದ, ಕೆಲಸ ಇರುವಷ್ಟು ಕಾಲ ಅಲ್ಲಿದ್ದು ಮುಗಿದ ಮೇಲೆ ಊರಿಗೆ ಮರಳುವುದೇ ವಿದೇಶವಾಸ ಎಂಬ ತಿಳಿವಳಿಕೆ ನಮ್ಮಲ್ಲಿ ಬೇರೂರಿದೆ. ಗಲ್ಫಿನ ಮಟ್ಟಿಗೆ ಅದು ಸರಿಯೇ. ಅಲ್ಲಿ ಇಪ್ಪತ್ತು ವರ್ಷ ದುಡಿದರೂ ವಾಸದ ಪರವಾನಗಿ ಸಾಮಾನ್ಯವಾಗಿ ಉದ್ಯೋಗದಾತನ ಜೊತೆಗೇ ಕಟ್ಟಿಕೊಂಡಿರುತ್ತದೆ. ಯುಎಇಯ ಗೋಲ್ಡನ್ ವೀಸಾ ಕೂಡ ನವೀಕರಿಸಬಹುದಾದ ದೀರ್ಘಾವಧಿಯ ವೀಸಾವೇ ಹೊರತು ಶಾಶ್ವತ ವಾಸದ ಹಕ್ಕಲ್ಲ. ಕೆನಡಾ, ಜರ್ಮನಿ, ಅಮೆರಿಕಗಳ ಕಾನೂನಿನ ನಡೆ ಬೇರೆ. ಅಲ್ಲಿ ಕೆಲಸದ ವೀಸಾ ಒಂದು, ಶಾಶ್ವತ ವಾಸ ಇನ್ನೊಂದು. ಮೊದಲನೆಯದು ಸಿಕ್ಕಿದರೆ ಎರಡನೆಯದು ತಾನಾಗಿ ಬರುವುದಿಲ್ಲ. ಆದ್ದರಿಂದ ಕೆಲಸವನ್ನು ಒಪ್ಪಿಕೊಳ್ಳುವ ಮೊದಲೇ ಈ ವೀಸಾದಿಂದ ಶಾಶ್ವತ ವಾಸಕ್ಕೆ ದಾರಿ ಇದೆಯೇ, ಎಷ್ಟು ವರ್ಷಕ್ಕೆ, ಅರ್ಜಿಯನ್ನು ಸ್ವತಃ ಹಾಕಬಹುದೇ ಅಥವಾ ಮಾಲೀಕರೇ ಹಾಕಬೇಕೇ ಎಂಬುದನ್ನು ಕೇಳಿ ತಿಳಿದುಕೊಳ್ಳಬೇಕು.

ದೇಶವನ್ನು ಆರಿಸುವುದಕ್ಕಿಂತಲೂ ಮೊದಲು ಮಾಡಬೇಕಾದ ಕೆಲಸವೆಂದರೆ ಕಾಗದಪತ್ರಗಳನ್ನು ಒಂದೆಡೆ ತಂದು ಹೋಲಿಸಿ ನೋಡುವುದು. ಗಡಿನಾಡಿನವರಿಗೆ ಇದರ ಅಗತ್ಯ ಉಳಿದವರಿಗಿಂತ ಹೆಚ್ಚು, ಏಕೆಂದರೆ ನಮ್ಮ ದಾಖಲೆಗಳು ಎರಡು ರಾಜ್ಯಗಳಲ್ಲಿ ಹಂಚಿಹೋಗಿರುತ್ತವೆ. ಉಪ್ಪಳ ಅಥವಾ ಪೆರ್ಲದ ಮಗು ಮಂಗಳೂರಿನ ಆಸ್ಪತ್ರೆಯಲ್ಲಿ ಹುಟ್ಟಿದರೆ ಅದರ ಜನನ ನೋಂದಣಿ ಮಂಗಳೂರಿನಲ್ಲೇ ಆಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದರೂ ಎಸ್ಸೆಸ್ಸೆಲ್ಸಿ ಪ್ರಮಾಣಪತ್ರ ಕೇರಳದ್ದು. ಪದವಿ ಮತ್ತೆ ಕರ್ನಾಟಕದ್ದು. ಮದುವೆಯ ನೋಂದಣಿ ಊರಿನ ಪಂಚಾಯತಿನಲ್ಲಿ. ಮನೆಯವರು ಊರಿನ ಅಭಿಮಾನದಿಂದ ಪಾಸ್‌ಪೋರ್ಟಿನ ಜನ್ಮಸ್ಥಳದಲ್ಲಿ ಕಾಸರಗೋಡು ಎಂದು ಬರೆಸಿರುತ್ತಾರೆ, ಜನನ ಪ್ರಮಾಣಪತ್ರ ಮಂಗಳೂರು ಎನ್ನುತ್ತದೆ. ಇಂಥ ವ್ಯತ್ಯಾಸ ಊರಿನ ಕಚೇರಿಗಳಲ್ಲಿ ಯಾರ ಕಣ್ಣಿಗೂ ಬೀಳದೆ ದಾಟಿಹೋಗಬಹುದು, ಶಾಶ್ವತ ವಾಸದ ಅರ್ಜಿಯಲ್ಲಿ ಮಾತ್ರ ಅದಕ್ಕೆ ವಿವರಣೆ ಕೊಡಬೇಕಾಗುತ್ತದೆ.

ಹೆಸರಿನ ವಿಷಯವೂ ಹೀಗೆಯೇ. ಶಾಲೆಯ ದಾಖಲೆಯಲ್ಲಿ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಅದರ ವಿಸ್ತೃತ ರೂಪ, ಆಧಾರಿನಲ್ಲಿ ಮನೆಯ ಹೆಸರು, ಮದುವೆಯ ಪ್ರಮಾಣಪತ್ರದಲ್ಲಿ ಇಂಗ್ಲಿಷ್ ಕಾಗುಣಿತವೇ ಬೇರೆ ಎಂಬಂತಿದ್ದರೆ, ಯಾವುದಾದರೂ ಒಂದು ರೂಪವನ್ನು ಆಧಾರವಾಗಿ ಇಟ್ಟುಕೊಂಡು, ಸಾಮಾನ್ಯವಾಗಿ ಎಸ್ಸೆಸ್ಸೆಲ್ಸಿಯಲ್ಲಿರುವುದನ್ನೇ, ಉಳಿದವುಗಳನ್ನು ಅದಕ್ಕೆ ಹೊಂದಿಸುವುದು ಲೇಸು. ತಿದ್ದಲಾಗದ ಹಳೆಯ ದಾಖಲೆಗಳಿದ್ದರೆ ವಿಲೇಜ್ ಆಫೀಸಿನಿಂದ ‘ವನ್ ಆಂಡ್ ಸೇಮ್’ ಪ್ರಮಾಣಪತ್ರ ಮಾಡಿಸಿಕೊಳ್ಳಬಹುದು; ಅಕ್ಷಯ ಕೇಂದ್ರದ ಮೂಲಕ ಅರ್ಜಿ ಹಾಕಿದರಾಯಿತು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದು ಸರ್‌ನೇಮ್ ಜಾಗ ಖಾಲಿ ಇರುವವರು ಅದನ್ನು ಮೊದಲು ಸರಿಪಡಿಸಿಕೊಳ್ಳಬೇಕು. ಅಂಥ ಪಾಸ್‌ಪೋರ್ಟಿನವರಿಗೆ ಭೇಟಿ ವೀಸಾದ ಮೇಲೆ ಯುಎಇ ಪ್ರವೇಶವನ್ನು 2022ರ ನವೆಂಬರಿನಿಂದ ನಿರ್ಬಂಧಿಸಲಾಗಿದೆ. ಜಿಲ್ಲೆಯ ಪಾಸ್‌ಪೋರ್ಟ್ ಅರ್ಜಿಗಳು ಕೋಝಿಕ್ಕೋಡ್ ಪ್ರಾದೇಶಿಕ ಕಚೇರಿಗೆ ಸೇರಿದವು. ಊರಿನ ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರವೂ ಪಾಸ್‌ಪೋರ್ಟ್ ಸೇವೆಯ ಮೂಲಕವೇ ಸಿಗುತ್ತದೆ.

ವಿದ್ಯಾರ್ಹತೆಯ ದೃಢೀಕರಣವನ್ನು ಆಯಾ ಪ್ರಮಾಣಪತ್ರ ಕೊಟ್ಟ ರಾಜ್ಯದಲ್ಲೇ ಮಾಡಿಸಬೇಕೆಂಬುದು ಸಾಮಾನ್ಯ ಕ್ರಮ. ಕೇರಳದ ಪ್ರಮಾಣಪತ್ರಗಳಿಗೆ, ಅನಿವಾಸಿ ಕೇರಳೀಯರಿಗಾಗಿ ಇರುವ ಕೇರಳ ಸರ್ಕಾರದ ಸಂಸ್ಥೆ ನೋರ್ಕಾ ರೂಟ್ಸ್‌ನ ಕೋಝಿಕ್ಕೋಡ್ ಕೇಂದ್ರವಿದೆ. ಕರ್ನಾಟಕದ ಪದವಿಗೆ ಬೆಂಗಳೂರಿನ ದಾರಿ ಹಿಡಿಯಬೇಕು. ಅದರ ಮೇಲೆ ವಿದೇಶಾಂಗ ಸಚಿವಾಲಯದ ಮುದ್ರೆ ಬೀಳುತ್ತದೆ. ಒಂದು ದೇಶದ ದಾಖಲೆಯನ್ನು ಒಂದೇ ಮುದ್ರೆಯಿಂದ ಇನ್ನೊಂದು ದೇಶ ಒಪ್ಪುವ ಅಪೋಸ್ಟಿಲ್ ಒಪ್ಪಂದಕ್ಕೆ ಭಾರತ 2005ರಲ್ಲಿ ಸೇರಿರುವುದರಿಂದ ಅದನ್ನು ಮಾನ್ಯ ಮಾಡುವ ದೇಶಗಳಿಗೆ ಅಷ್ಟೇ ಸಾಕು, ಆದರೆ ಯುಎಇಗೆ ಅದರ ರಾಯಭಾರ ಕಚೇರಿಯ ದೃಢೀಕರಣ ಬೇರೆಯೇ ಬೇಕು. ಕೆನಡಾದ ಅರ್ಜಿಗೆ ಈ ಮುದ್ರೆಗಳಿಗಿಂತ ಪದವಿಯ ಮೌಲ್ಯಮಾಪನ ವರದಿ ಮುಖ್ಯ. ಅದಕ್ಕೆ ವಿಶ್ವವಿದ್ಯಾನಿಲಯವೇ ಅಂಕಪಟ್ಟಿಯನ್ನು ನೇರವಾಗಿ ಕಳುಹಿಸಿಕೊಡಬೇಕಾಗುವುದರಿಂದ ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯಕ್ಕೆ, ಎಂಜಿನಿಯರ್ ಆದವರು ಬೆಳಗಾವಿಯ ವಿಟಿಯುಗೆ, ನರ್ಸಿಂಗ್ ಓದಿದವರು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿ ಕಾಯುವ ಸಮಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಗಲ್ಫಿನಲ್ಲಿ ಕೆಲಸ ಮಾಡಿ ಅಲ್ಲಿಂದ ಮುಂದೆ ಹೋಗಬಯಸುವವರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಅಲ್ಲಿನ ವರ್ಷಗಳು ಅಲ್ಲಿಯ ನೆಲೆಗೆ ಲೆಕ್ಕವಾಗದಿದ್ದರೂ ಕೆನಡಾದ ಅರ್ಜಿಯಲ್ಲಿ ವಿದೇಶಿ ಅನುಭವವಾಗಿ ಅಂಕ ತರುತ್ತವೆ. ಆದರೆ ‘ಇವರು ನಮ್ಮಲ್ಲಿ ಇಂತಿಷ್ಟು ವರ್ಷ ಇದ್ದರು, ನಡತೆ ಉತ್ತಮ’ ಎಂಬ ಎರಡು ಸಾಲಿನ ಪತ್ರದಿಂದ ಅಲ್ಲಿ ಪ್ರಯೋಜನವಿಲ್ಲ. ಹುದ್ದೆ, ನಿರ್ವಹಿಸಿದ ಕೆಲಸಗಳ ವಿವರ, ವಾರದ ಗಂಟೆಗಳು, ಸಂಬಳ, ಆರಂಭ ಮತ್ತು ಕೊನೆಯ ದಿನಾಂಕ ಇವೆಲ್ಲ ಕಂಪನಿಯ ಲೆಟರ್‌ಹೆಡ್‌ನಲ್ಲಿರಬೇಕು. ಕಂಪನಿ ಮುಚ್ಚಿಹೋದ ಮೇಲೆ ಅಥವಾ ಮುನಿಸಿಕೊಂಡು ಹೊರಬಂದ ಮೇಲೆ ಅದನ್ನು ಪಡೆಯುವುದು ಕಷ್ಟ, ಆದ್ದರಿಂದ ಕೆಲಸ ಬಿಡುವ ವಾರದಲ್ಲೇ ಬರೆಸಿಕೊಳ್ಳಿ. ಹತ್ತು ವರ್ಷಗಳೊಳಗೆ ಆರು ತಿಂಗಳು ಅಥವಾ ಹೆಚ್ಚು ಕಾಲ ಸತತವಾಗಿ ನೆಲೆಸಿದ ಪ್ರತಿಯೊಂದು ದೇಶದ ಪೊಲೀಸ್ ಪ್ರಮಾಣಪತ್ರವನ್ನೂ ಕೆನಡಾ ಕೇಳುತ್ತದೆ. ಅಂಕಗಳ ಆಧಾರದಲ್ಲಿ ಶಾಶ್ವತ ವಾಸಕ್ಕೆ ಆರಿಸುವ ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ ಪದ್ಧತಿಯಲ್ಲಿ ಆಹ್ವಾನ ಬಂದ ಬಳಿಕ ಪೂರ್ಣ ಅರ್ಜಿ ಸಲ್ಲಿಸಲು ಸಿಗುವುದು 60 ದಿನ ಮಾತ್ರ. ಕುವೈತ್‌ನಲ್ಲಿ ಐದು ವರ್ಷದ ಹಿಂದೆ ಬಿಟ್ಟ ಕೆಲಸದ ಕಾಗದವನ್ನು ಆ ಅವಧಿಯಲ್ಲಿ ಹುಡುಕಲು ಹೊರಟವರ ಅವಸ್ಥೆ ಬೇಡವೇ ಬೇಡ.

ಕೆನಡಾದ ಅಂಕಪದ್ಧತಿಯಲ್ಲಿ 20ರಿಂದ 29ರ ವಯಸ್ಸಿನವರಿಗೆ ವಯಸ್ಸಿನ ಪೂರ್ಣ ಅಂಕ, ನಂತರ ವರ್ಷವರ್ಷವೂ ಇಳಿಕೆ, 45ಕ್ಕೆ ಸೊನ್ನೆ. ಉದ್ಯೋಗದ ಆಹ್ವಾನಪತ್ರಕ್ಕೆ ಸಿಗುತ್ತಿದ್ದ ಅಂಕಗಳನ್ನು 2025ರ ಮಾರ್ಚಿನಲ್ಲಿ ತೆಗೆದುಹಾಕಲಾಗಿದೆ, ಹಾಗಾಗಿ ‘ಜಾಬ್ ಆಫರ್ ಕೊಡಿಸುತ್ತೇವೆ, ಅಂಕ ಏರುತ್ತದೆ’ ಎಂದು ಹಣ ಕೇಳುವವರನ್ನು ಬಾಗಿಲಲ್ಲೇ ಕಳುಹಿಸಬಹುದು. ಶಾಶ್ವತ ವಾಸ ಸಿಕ್ಕಿದ ಮೇಲೂ ಐದು ವರ್ಷಗಳಲ್ಲಿ ಕನಿಷ್ಠ 730 ದಿನ ಅಲ್ಲಿರಬೇಕು.

ನರ್ಸುಗಳಿಗೆ ಜರ್ಮನಿ ಈಗ ಹೆಚ್ಚು ಸ್ಪಷ್ಟವಾದ ದಾರಿ ಎಂದು ನನ್ನ ಅನಿಸಿಕೆ. ನೋರ್ಕಾ ರೂಟ್ಸ್ ಜರ್ಮನಿಯ ಸರ್ಕಾರಿ ಸಂಸ್ಥೆಗಳೊಂದಿಗೆ 2021ರಲ್ಲಿ ಮಾಡಿಕೊಂಡ ಒಪ್ಪಂದದಡಿ ನಡೆಯುವ ಟ್ರಿಪಲ್ ವಿನ್ ಯೋಜನೆಯಲ್ಲಿ ಆಯ್ಕೆಯಾದವರಿಗೆ ಬಿ1 (ಮಧ್ಯಮ) ಹಂತದವರೆಗಿನ ಜರ್ಮನ್ ಭಾಷಾ ತರಬೇತಿ ಉಚಿತ. ಮಂಗಳೂರಿನಲ್ಲಿ ಓದಿದ ನಮ್ಮ ಮಕ್ಕಳಿಗೆ ಈ ಯೋಜನೆಯ ಸುದ್ದಿಯೇ ತಲುಪದೆ ಖಾಸಗಿ ಏಜೆನ್ಸಿಗಳಿಗೆ ಲಕ್ಷಗಟ್ಟಲೆ ಸುರಿಯುವುದನ್ನು ಕಂಡರೆ ಬೇಸರವಾಗುತ್ತದೆ. ಜರ್ಮನಿಯಲ್ಲಿ ಅರ್ಹತೆಗೆ ಮಾನ್ಯತೆ ಪಡೆದು ಮೂರು ವರ್ಷ ದುಡಿದು, 36 ತಿಂಗಳು ಪಿಂಚಣಿ ವಂತಿಗೆ ಕಟ್ಟಿ, ಬಿ1 ಭಾಷೆ ಇದ್ದರೆ ಶಾಶ್ವತ ವಾಸಕ್ಕೆ ಅರ್ಜಿ ಹಾಕಬಹುದು. ಪದವೀಧರ ಉದ್ಯೋಗಿಗಳಿಗೆ ಕೊಡುವ ಬ್ಲೂ ಕಾರ್ಡ್ ಎಂಬ ಪರವಾನಗಿ ಇರುವ ಎಂಜಿನಿಯರ್ ಮುಂತಾದವರಿಗೆ 27 ತಿಂಗಳು, ಬಿ1 ಇದ್ದರೆ 21 ತಿಂಗಳು ಸಾಕು. ಬ್ರಿಟನ್ನಿನಲ್ಲಿ 2025ರ ಜುಲೈ 22ರಿಂದ ಕೇರ್ ವರ್ಕರ್ ಹುದ್ದೆಗಳಿಗೆ ಹೊರದೇಶದಿಂದ ಹೊಸ ನೇಮಕಾತಿ ನಿಂತಿರುವುದರಿಂದ, ಆ ಹೆಸರಿನಲ್ಲಿ ಈಗಲೂ ಮುಂಗಡ ಕೇಳುವವರನ್ನು ನಂಬಬಾರದು.

ಅಮೆರಿಕದ ವಿಷಯ ಜಟಿಲ. ಎಚ್‌1ಬಿ ಮೂರು ವರ್ಷಕ್ಕೆ ಸಿಕ್ಕಿ ಇನ್ನು ಮೂರು ವರ್ಷ ವಿಸ್ತರಿಸಬಹುದಾದ ಕೆಲಸದ ವೀಸಾ. ಉದ್ಯೋಗಾಧಾರಿತ ಗ್ರೀನ್ ಕಾರ್ಡಿಗೆ, ಅಂದರೆ ಅಲ್ಲಿಯ ಶಾಶ್ವತ ವಾಸಕ್ಕೆ, ಬಹುತೇಕ ಸಂದರ್ಭಗಳಲ್ಲಿ ಮಾಲೀಕರೇ ಪರ್ಮ್ ಅರ್ಜಿ (ಆ ಹುದ್ದೆಗೆ ಅಲ್ಲಿಯವರು ಸಿಗಲಿಲ್ಲವೆಂಬ ದೃಢೀಕರಣಕ್ಕೆ), ಆಮೇಲೆ ಐ-140 ಎಂಬ ವಲಸೆ ಅರ್ಜಿ ಸಲ್ಲಿಸಬೇಕು. ವರ್ಷಕ್ಕೆ ಸುಮಾರು 1,40,000 ಉದ್ಯೋಗಾಧಾರಿತ ಗ್ರೀನ್ ಕಾರ್ಡುಗಳಲ್ಲಿ ಒಂದು ದೇಶಕ್ಕೆ ಶೇಕಡಾ 7ರ ಮಿತಿ ಇರುವುದರಿಂದಲೇ ಭಾರತದವರ ಸರದಿ ದಶಕಗಳಷ್ಟು ಉದ್ದವಾಗಿದೆ. ಐ-140 ಮಂಜೂರಾಗಿ ಸರದಿಯಲ್ಲಿರುವವರು ಆರು ವರ್ಷಗಳ ಮಿತಿಯ ಆಚೆಗೂ ಎಚ್‌1ಬಿ ವಿಸ್ತರಿಸಿಕೊಳ್ಳಬಹುದು, ಆದ್ದರಿಂದ ಮಾಲೀಕರು ಪರ್ಮ್ ಅರ್ಜಿಯನ್ನು ಯಾವಾಗ ಆರಂಭಿಸುತ್ತಾರೆಂಬುದನ್ನು ಸೇರುವಾಗಲೇ ಬರಹದಲ್ಲಿ ಕೇಳಬೇಕು.

ಈ ಸರದಿಯಲ್ಲಿ ನಮ್ಮ ಜಿಲ್ಲೆಯ ಎಷ್ಟೋ ಮನೆಗಳಿಗೆ ಅನ್ವಯಿಸುವ ಅಂಶವೊಂದಿದೆ. ಅಮೆರಿಕ ನೋಡುವುದು ಪೌರತ್ವವನ್ನಲ್ಲ, ಹುಟ್ಟಿದ ದೇಶವನ್ನು. ತಂದೆತಾಯಿ ದುಬೈಯಲ್ಲೋ ಮಸ್ಕತ್ತಿನಲ್ಲೋ ನೆಲೆಸಿದ್ದಾಗ ಅಲ್ಲಿ ಹುಟ್ಟಿದವರು ಭಾರತೀಯ ಪಾಸ್‌ಪೋರ್ಟ್ ಹೊಂದಿದ್ದರೂ ಯುಎಇಯ ಅಥವಾ ಒಮಾನಿನ ಲೆಕ್ಕಕ್ಕೆ ಸೇರುತ್ತಾರೆ, ಹೀಗಾಗಿ ಅವರ ಕಾಯುವಿಕೆ ಬಹಳ ಕಡಿಮೆ. ಪತಿ ಅಥವಾ ಪತ್ನಿ ಹಾಗೆ ಹುಟ್ಟಿದವರಾಗಿದ್ದರೆ ಇನ್ನೊಬ್ಬರೂ ಜೊತೆಯಾಗಿ ಅರ್ಜಿ ಹಾಕುವಾಗ ಅದೇ ದೇಶದ ಲೆಕ್ಕವನ್ನು ಬಳಸಬಹುದು. ಗಲ್ಫಿನ ಆಸ್ಪತ್ರೆ ಕೊಟ್ಟ ಅರಬ್ಬಿ ಭಾಷೆಯ ಹಳೆಯ ಜನನ ಪ್ರಮಾಣಪತ್ರವನ್ನು ಟ್ರಂಕಿನ ತಳದಿಂದ ಹೊರತೆಗೆದು ಇಂಗ್ಲಿಷಿಗೆ ಅನುವಾದ ಮಾಡಿಸಿ ಇಡುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಡ.

ಏಜೆಂಟರ ವಿಚಾರದಲ್ಲಿ ನಿಯಮ ಸರಳ. ವಿದೇಶಿ ಕೆಲಸಕ್ಕೆ ಜನರನ್ನು ಆರಿಸುವವರು 1983ರ ವಲಸೆ ಕಾಯಿದೆಯಡಿ ನೋಂದಾಯಿಸಿರಬೇಕು. ಅವರ ಪಟ್ಟಿ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿದೆ. ಅಭ್ಯರ್ಥಿಯಿಂದ ಅವರು ಪಡೆಯಬಹುದಾದ ಸೇವಾಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ, ಅದೂ ರಸೀದಿಯೊಂದಿಗೆ. ಹತ್ತನೆಯ ತರಗತಿ ಪಾಸಾಗದೆ ಇಸಿಆರ್ (ವಲಸೆ ಅನುಮತಿ ಬೇಕೆಂಬ) ಪಾಸ್‌ಪೋರ್ಟ್ ಹೊಂದಿರುವವರು ಗಲ್ಫ್ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ವಲಸೆ ಅನುಮತಿ ಪಡೆಯಬೇಕು. ಭೇಟಿ ವೀಸಾದಲ್ಲಿ ಕಳುಹಿಸಿ ‘ಅಲ್ಲಿ ಹೋದ ಮೇಲೆ ಬದಲಾಯಿಸೋಣ’ ಎನ್ನುವವರು ಈ ರಕ್ಷಣೆಯನ್ನೇ ತಪ್ಪಿಸುತ್ತಿರುತ್ತಾರೆ.

ಕೊನೆಯದಾಗಿ ಅಡಿಕೆ ತೋಟದ ಪ್ರಶ್ನೆ. ಶಾಶ್ವತ ವಾಸ ಪಡೆದವರು ಭಾರತೀಯ ಪೌರರಾಗಿಯೇ ಉಳಿಯುತ್ತಾರೆ, ಆದರೆ ವಿದೇಶದಲ್ಲಿ ನೆಲೆಸಿದ ಅನಿವಾಸಿಯಾಗಿ ಕೃಷಿಭೂಮಿ, ಪ್ಲಾಂಟೇಶನ್ ಮತ್ತು ಫಾರ್ಮ್‌ಹೌಸುಗಳನ್ನು ಖರೀದಿಸುವಂತಿಲ್ಲ. ಉತ್ತರಾಧಿಕಾರದಿಂದ ಬಂದದ್ದನ್ನು ಇಟ್ಟುಕೊಳ್ಳಬಹುದು. ಹಿರಿಯರು ಬದುಕಿರುವಾಗಲೇ ದಾನಪತ್ರದ ಮೂಲಕ ತೋಟವನ್ನು ವಿದೇಶದಲ್ಲಿರುವ ಮಗನ ಅಥವಾ ಮಗಳ ಹೆಸರಿಗೆ ಮಾಡಲು ಹೊರಟರೆ ಕಾನೂನಿನ ತೊಡಕು ಬರುವುದರಿಂದ, ವೀಲುನಾಮೆಯ ಬಗ್ಗೆ ವಕೀಲರೊಡನೆ ಮಾತನಾಡಿರಬೇಕು. ಮುಂದೆ ಆ ದೇಶದ ಪೌರತ್ವವನ್ನೇ ಪಡೆದರೆ, ಭಾರತದಲ್ಲಿ ದ್ವಿಪೌರತ್ವ ಇಲ್ಲದ್ದರಿಂದ ಇಲ್ಲಿಯ ಪೌರತ್ವ ಅಂದಿಗೇ ಕೊನೆಗೊಳ್ಳುತ್ತದೆ. ಭಾರತೀಯ ಪಾಸ್‌ಪೋರ್ಟನ್ನು ಅಲ್ಲಿಯ ನಮ್ಮ ದೂತಾವಾಸಕ್ಕೆ ಒಪ್ಪಿಸಿ ಸರೆಂಡರ್ ಪ್ರಮಾಣಪತ್ರ ಪಡೆದುಕೊಂಡು, ಆನಂತರ ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಓಸಿಐ ಕಾರ್ಡಿಗೆ ಅರ್ಜಿ ಸಲ್ಲಿಸಬೇಕು. ತೋಟ ಖರೀದಿಯ ನಿರ್ಬಂಧ ಓಸಿಐ ಕಾರ್ಡುದಾರರಿಗೂ ಅನ್ವಯಿಸುತ್ತದೆ.