ಆಳು ಮಾಡಿದ್ದು ಹಾಳಾಗಲಿಲ್ಲ

ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ ಅಂತ ಹೇಳಿಕೊಂಡೇ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ಅಡಿಕೆ ಹಾಳೆಯ ತಟ್ಟೆ ಮಾಡುವವರು ಮೆಷಿನಿನ ಬುಡದಲ್ಲೇ ಮುದುಕರಾಗುತ್ತಾರೆ. ನನ್ನ ಭಾವನೂ ಅದನ್ನೇ ಹೇಳಿದರು. ಎರಡು ಮಳೆಗಾಲ ಕಳೆಯಿತು, ಘಟಕ ನಾನಿಲ್ಲದೆ ಓಡುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

2020ರ ಜನವರಿಯಿಂದ ಕೇರಳದಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ ನಿಷೇಧ ಬಂದ ಮೇಲೆ ಆರ್ಡರ್ ಏರಿತು, ನನ್ನ ಫೋನೂ. ಒಬ್ಬ ಮ್ಯಾನೇಜರನನ್ನು ಇಟ್ಟೆ, ತಿಂಗಳಿಗೆ 18,000 ಹತ್ತಿರ. ಕೆಲಸದವರು ಅವನನ್ನು ಕೇಳುವುದು, ಅವನು ನನ್ನನ್ನು ಕೇಳುವುದು. ಕೊಟ್ಟ ಸಂಬಳ ಲಕ್ಷ ದಾಟಿದ ಮೇಲೆ ಅವನನ್ನು ಕಳಿಸಿದೆ. ವಾಟ್ಸಾಪ್ ಗುಂಪು ಮಾಡಿದರೆ ಎಲ್ಲರೂ ಹೆಬ್ಬೆರಳು ಒತ್ತಿ ಸುಮ್ಮನಾದರು. ತಟ್ಟೆಗಿಷ್ಟು ಅಂತ ಕೂಲಿ ಇಟ್ಟೆ. ಎಣಿಕೆ ಏರಿತು, ಅಂಚು ಒಡೆದದ್ದೂ ಕರಟಿದ್ದೂ ಏರಿತು. ಹಾಳೆ ನೀರಿನಲ್ಲಿ ನೆನೆಯುವ ಮೊದಲೇ ಬಿಸಿ ಅಚ್ಚಿಗೆ ಕೊಟ್ಟರೆ ಇನ್ನೇನು?

ಕೊನೆಗೆ ಕೆಲಸದ ಜೊತೆ ತೀರ್ಮಾನವನ್ನೂ ದುಡ್ಡನ್ನೂ ಕೊಟ್ಟೆ. ಹಾಳೆ ತರುವವನ ಕೈಗೆ ವಾರಕ್ಕೆ ಐದು ಸಾವಿರ. ದರದ ಮೇಲ್ಮಿತಿ ಮಾತ್ರ ನನ್ನದು. ಬೇಸಿಗೆಯಲ್ಲೇ ಮಳೆಗಾಲದ ದಾಸ್ತಾನು ಆಗಬೇಕಲ್ಲ. ಮೊದಲ ವರ್ಷ ಏಳೆಂಟು ಸಾವಿರದ ಹಾಳೆ ಬೂಷ್ಟು ಹಿಡಿದದ್ದೇ ಬಂತು. ಭಾವ ನಕ್ಕರು. ನಾನು ಕೂಲಿಯಲ್ಲಿ ಮುರಿದುಕೊಳ್ಳಲಿಲ್ಲ. ಮುಂದಿನ ಲೋಡನ್ನು ಅವನು ಒಂದೊಂದೇ ತಿರುಗಿಸಿ ನೋಡಿ ತಂದ.

ತಟ್ಟೆ ವಿಂಗಡಿಸುವವರಲ್ಲಿ ತುಳು, ಮಲಯಾಳ, ಕನ್ನಡ ಮೂರೂ ಭಾಷೆಯವರಿದ್ದಾರೆ. ಬರೆದು ಅಂಟಿಸಿದ ನಿಯಮ ಯಾರೂ ಓದಲಿಲ್ಲ. ಒಳ್ಳೆಯದು, ಎರಡನೇ ದರ್ಜೆ, ಬಿಸಾಡುವುದು ಅಂತ ಮೂರು ತಟ್ಟೆ ಗೋಡೆಗೆ ಮೊಳೆ ಹೊಡೆದೆ. ವಿಂಗಡಿಸುವ ಅಕ್ಕ ಬೇಡ ಅಂದದ್ದನ್ನು ನಾನೂ ಪೆಟ್ಟಿಗೆಗೆ ಹಾಕುವ ಹಾಗಿಲ್ಲ. ನೂರಕ್ಕೆ ಹನ್ನೆರಡು ಹಾಳಾಗುತ್ತಿದ್ದದ್ದು ಈಗ ಐದಾರು.

ತಲಪಾಡಿ ಗಡಿ ದಾಟಿ ಕರ್ನಾಟಕಕ್ಕೆ ಹೋಗುವ ಲೋಡಿಗೆ ಬಿಲ್ಲು ಬೇಕು. ಅದನ್ನು ಮಾಡುವುದನ್ನು ಲೆಕ್ಕ ಬರೆಯುವ ಹುಡುಗಿಗೇ ಬಿಟ್ಟುಕೊಟ್ಟೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಫೋನು ಎತ್ತುವುದು ತಪ್ಪಿತು.

ಉಳಿತಾಯದಲ್ಲಿ ಈ ಕೆಲಸದವರಿಗೆ ಪಾಲು ಇದೆ. ಆ ಲೆಕ್ಕ ಇಲ್ಲಿ ಬರೆಯುವುದಿಲ್ಲ, ಪಕ್ಕದ ಘಟಕದವರೂ ಓದುತ್ತಾರೆ.

ಬಾಕಿ ವಸೂಲಿ ಮಾತ್ರ ಇನ್ನೂ ನನ್ನದೇ. ಒಂದು ತಿಂಗಳು ವಿಂಗಡಣೆಯ ಅಕ್ಕನನ್ನು ಕಳಿಸಿ ನೋಡಿದೆ. ತಟ್ಟೆ ಕೊಂಡ ಅಡಿಗೆಯವರು ಕೂರಿಸಿ ಹೋಳಿಗೆ ಬಡಿಸಿದರು, ದುಡ್ಡು ಮುಂದಿನ ವಾರ ಅಂದರು.