ಮಾಧ್ಯಮಿಕ ಹಂತದ ಮಕ್ಕಳಿಗೆ ಪ್ರೌಢ ಇಂಗ್ಲಿಷ್ ಪದಗಳನ್ನು ಕಲಿಸುವ ಬಗೆ

ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಪ್ರೌಢ ಇಂಗ್ಲಿಷ್ ಪದಗಳನ್ನು ಕಲಿಸಲು ಹೊರಟವರು ಮೊದಲು ಕೈಬಿಡಬೇಕಾದದ್ದು ಉದ್ದದ ಪಟ್ಟಿಯನ್ನು ಉರು ಹೊಡೆಸುವ ಕ್ರಮವನ್ನು. ಪದ ಮತ್ತು ಅದರೆದುರಿನ ಒಂದೇ ಕನ್ನಡ ಅರ್ಥವನ್ನು ಬಾಯಿಪಾಠ ಮಾಡಿದ ಮಗು ಪರೀಕ್ಷೆಯಲ್ಲಿ ಹೊಂದಿಸಿ ಬರೆಯುತ್ತದೆಯೇ ಹೊರತು, ಆ ಪದವನ್ನು ಸ್ವಂತ ವಾಕ್ಯದಲ್ಲಿ ಬಳಸಲಾರದು. ವಾರಕ್ಕೆ ಎಂಟು-ಹತ್ತು ಪದಗಳು ಸಾಕು.

ಅಪರೂಪದ ಪದಗಳಿಗಿಂತ ಎಲ್ಲ ವಿಷಯಗಳ ಪಠ್ಯಗಳಲ್ಲಿಯೂ ಎದುರಾಗುವ ಪದಗಳನ್ನು ಮೊದಲು ಆರಿಸಿಕೊಳ್ಳಬೇಕು. ಭಾಷಾತಜ್ಞೆ ಏವ್ರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ಶೈಕ್ಷಣಿಕ ಪದಪಟ್ಟಿಯಲ್ಲಿ 570 ಪದಕುಟುಂಬಗಳಿವೆ, ಅಂದರೆ ಒಂದೇ ಮೂಲಪದದಿಂದ ಹುಟ್ಟಿದ ಪದಗಳ ಗುಂಪುಗಳಿವೆ. ಅದು ಕಾಲೇಜು ಹಂತವನ್ನು ಗಮನದಲ್ಲಿಟ್ಟುಕೊಂಡದ್ದಾದರೂ ಎವಿಡೆನ್ಸ್, ಅನಲೈಸ್, ಸಿಗ್ನಿಫಿಕೆಂಟ್, ಸೋರ್ಸ್ ಮುಂತಾದವು ಏಳನೆಯ ತರಗತಿಯ ಮಗುವಿಗೂ ಬೇಕಾದವೇ.

ಆರಿಸಿದ ಪದವನ್ನು ಮಗು ಕಂಡುಂಡ ಸಂಗತಿಗೆ ಜೋಡಿಸಬೇಕು. ರಿಲೆಂಟ್‌ಲೆಸ್ ಎಂಬ ಪದವನ್ನೇ ನೋಡಿ. ಜುಲೈ ತಿಂಗಳಲ್ಲಿ ಬಿಡದೆ ಸುರಿಯುವ ಮಳೆ ಎಂದರೇನೆಂದು ಮಡಿಕೇರಿಯ ಮಗುವಿಗೆ ಯಾರೂ ವಿವರಿಸಬೇಕಿಲ್ಲ. ರಟ್ಟಿನ ಚೀಟಿಯ ಒಂದು ಬದಿಯಲ್ಲಿ ಪದವನ್ನೂ ಇನ್ನೊಂದು ಬದಿಯಲ್ಲಿ ‘ಬಿಡುವಿಲ್ಲದ, ಪಟ್ಟು ಸಡಿಲಿಸದ’ ಎಂಬ ಅರ್ಥವನ್ನೂ ಬರೆಯಿಸಿ, ಅದರ ಕೆಳಗೆ ರಿಲೆಂಟ್‌ಲೆಸ್ ರೈನ್, ರಿಲೆಂಟ್‌ಲೆಸ್ ಹೀಟ್, ರಿಲೆಂಟ್‌ಲೆಸ್ ಪ್ರೆಷರ್ ಎಂದು ಅದರ ಒಡನಾಡಿ ಪದಗಳನ್ನು ಸೇರಿಸಬೇಕು. ಕೊನೆಯಲ್ಲಿ ‘ರಿಲೆಂಟ್‌ಲೆಸ್ ರೈನ್ ಡ್ಯಾಮೇಜ್ಡ್ ಅವರ್ ಪೆಪ್ಪರ್ ವೈನ್ಸ್’ ಎಂಬಂತಹ ವಾಕ್ಯವೊಂದನ್ನು ಮಗುವೇ ಕಟ್ಟಬೇಕು. ಈ ಪದದಲ್ಲಿ ಸಾಮಾನ್ಯವಾಗಿ ಒಂದು ಬಗೆಯ ಕಠೋರತೆ ಇರುವುದರಿಂದ, ಇಂಪಾಗಿ ಮುಂದುವರಿಯುವ ಹಾಡಿಗೆ ಅದು ಹೊಂದುವುದಿಲ್ಲ ಎಂಬುದನ್ನೂ ತಿಳಿಸಬೇಕು. ಪದ ಎಲ್ಲಿ ಸಲ್ಲದೆಂದು ಅರಿತ ಮಗು ಅದನ್ನು ಧೈರ್ಯವಾಗಿ ಬಳಸುತ್ತದೆ. ಮನೆಯಲ್ಲಿ ಕೊಡವ ತಕ್ಕ್ ಅಥವಾ ಅರೆಭಾಷೆ ಆಡುವ ಮಗುವಿಗೆ ಅರ್ಥವನ್ನು ಆ ಭಾಷೆಯಲ್ಲಿಯೇ ಬಿಡಿಸಿ ಹೇಳುವುದರಿಂದ ಇಂಗ್ಲಿಷಿಗೆ ಯಾವ ನಷ್ಟವೂ ಇಲ್ಲ.

ಒಂದು ಧಾತುವಿನಿಂದ ಹಲವು ಪದಗಳು ತೆರೆದುಕೊಳ್ಳುತ್ತವೆ. ಹೊರು, ಸಾಗಿಸು ಎಂಬ ಅರ್ಥದ ಲ್ಯಾಟಿನ್ ಮೂಲದ ‘ಪೋರ್ಟ್’ ತಿಳಿದರೆ ಇಂಪೋರ್ಟ್, ಟ್ರಾನ್ಸ್‌ಪೋರ್ಟ್, ಪೋರ್ಟಬಲ್ ಹತ್ತಿರವಾಗುತ್ತವೆ. ಕಾಫಿ ಬೆಳೆಗಾರರ ಮನೆಯ ಮಗು ಎಕ್ಸ್‌ಪೋರ್ಟ್ ಎಂಬುದನ್ನಂತೂ ಕೇಳಿಯೇ ಇರುತ್ತದೆ. ಆದರೆ ಊಹಿಸಿದ ಅರ್ಥವನ್ನು ನಿಘಂಟಿನಲ್ಲಿ ಪರಿಶೀಲಿಸುವುದು ಕಡ್ಡಾಯ. ಉಚ್ಚಾರವನ್ನು ಕಿವಿಯಿಂದಲೇ ಕಲಿಯಬೇಕು, ಏಕೆಂದರೆ ಎಕ್ಸ್‌ಪೋರ್ಟ್ ನಾಮಪದವಾದಾಗ ಒತ್ತು ಮೊದಲ ಭಾಗದ ಮೇಲೂ ಕ್ರಿಯಾಪದವಾದಾಗ ಸಾಮಾನ್ಯವಾಗಿ ಎರಡನೆಯ ಭಾಗದ ಮೇಲೂ ಬೀಳುತ್ತದೆ.

ಕಲಿತದ್ದು ಆರಂಭದಲ್ಲಿಯೇ ಬೇಗ ಮರೆತುಹೋಗಿ ಅನಂತರ ಮರೆವು ನಿಧಾನವಾಗುತ್ತದೆಂದು ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿಯೇ ತೋರಿಸಿದ್ದರು. ಆದ್ದರಿಂದ ಮೂರು ಖಾನೆಗಳ ಡಬ್ಬಿಯೊಂದನ್ನು ಮಾಡಿ, ಮೊದಲ ಖಾನೆಯ ಚೀಟಿಗಳನ್ನು ದಿನವೂ, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ ಕೇಳಬೇಕು. ಸರಿಯಾಗಿ ಹೇಳಿದ ಚೀಟಿ ಮುಂದಿನ ಖಾನೆಗೆ ಹೋಗಲಿ, ತಪ್ಪಿದ್ದು ಮೊದಲನೆಯದಕ್ಕೆ ಮರಳಲಿ. ಚೀಟಿ ತಿರುಗಿಸುವ ಮುನ್ನ ಮಗು ತಾನಾಗಿ ನೆನಪಿಸಿಕೊಳ್ಳಲು ಯತ್ನಿಸಲೇಬೇಕು. ಪಕ್ಕದಲ್ಲಿರುವ ಹಿರಿಯರು ಅವಸರಪಟ್ಟು ಉತ್ತರ ಹೇಳಿಕೊಡಬಾರದು.

ಶನಿವಾರ ಆ ವಾರದ ನಾಲ್ಕು ಪದಗಳನ್ನು ಬಳಸಿ ಒಂದು ಪ್ಯಾರಾ ಬರೆಯಿಸಿ. ತಿದ್ದುವಾಗ ಆ ನಾಲ್ಕು ಪದಗಳ ಬಳಕೆಯನ್ನಷ್ಟೇ ನೋಡಿ. ವ್ಯಾಕರಣದ ಉಳಿದ ತಪ್ಪುಗಳನ್ನು ಬೇರೊಂದು ದಿನ ತಿದ್ದಬಹುದು.